ಮಿಲಾನ್‌ನಿಂದ ಜ್ಯೂರಿಕ್‌ಗೆ ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಜ್ಯೂರಿಕ್‌ನಲ್ಲಿರುವ ಮಗಳ ಮನೆಗೆ ನಾನೂ ನಮ್ಮ ಯಜಮಾನರೂ ಮೇ ತಿಂಗಳಲ್ಲಿ ಹೊರಡುವವರಿದ್ದೇವೆ. ವಿಮಾನದ ಟಿಕೆಟ್ ಅಗ್ಗವೆಂದು ಮಿಲಾನ್‌ನಲ್ಲಿ ಇಳಿದು, ಎರಡು ದಿನ ಉಳಿದು ಮುಂದೆ ಹೋಗುವ ಆಲೋಚನೆಯಿದೆ. ಈ ಎರಡು ಊರುಗಳ ನಡುವೆ ಒಂದು ಕಡೆ 220 ಕಿಲೋಮೀಟರ್ ಎಂದೂ ಇನ್ನೊಂದು ಕಡೆ 280 ಎಂದೂ ಕಾಣಿಸುತ್ತಿದೆ. ಇಷ್ಟು ದೂರಕ್ಕೆ ಅಲ್ಲಿಯ ರೈಲಿಗೂ ಮೂರು ಗಂಟೆಗಿಂತ ಹೆಚ್ಚು ಬೇಕೆನ್ನುವುದು ನನಗೆ ಸೋಜಿಗವೆನಿಸಿದೆ. ಅಳಿಯಂದಿರು ಕಾರು ತರುತ್ತೇನೆ ಎನ್ನುತ್ತಿದ್ದಾರೆ, ಯಜಮಾನರಿಗೆ ಮಂಡಿನೋವು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಸರಸ್ವತಿಪುರಂ):
ಎರಡು ಲೆಕ್ಕವೂ ಸರಿಯೇ, ಮೇಡಂ. 220 ಎನ್ನುವುದು ಹಕ್ಕಿ ಹಾರಿದಂತೆ ನೇರವಾಗಿ ಅಳೆದದ್ದು, 280 ರಸ್ತೆಯದು. ನಡುವೆ ಆಲ್ಪ್ಸ್ ಪರ್ವತ ಅಡ್ಡ ನಿಂತಿದೆ. ನಾವು ಊಟಿಗೆ ಹೋಗುವಾಗ ಮಸಿನಗುಡಿಯ ದಾರಿ ಗೂಡಲೂರಿನದಕ್ಕಿಂತ ಹತ್ತಿರವಾದರೂ 36 ಹೇರ್‌ಪಿನ್ ತಿರುವುಗಳನ್ನು ನೆನೆದು ಹಿಂಜರಿಯುವುದಿಲ್ಲವೇ, ಘಟ್ಟದ ಲೆಕ್ಕ ಅಲ್ಲಿಯೂ ಹಾಗೆಯೇ. 2016ರಲ್ಲಿ ಉದ್ಘಾಟನೆಯಾದ 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ತಳ ಸುರಂಗದಲ್ಲಿ ರೈಲು ಬೆಟ್ಟ ಹತ್ತದೆ ಅದರ ಬುಡದಲ್ಲೇ ಸಾಗಿ ಸುಮಾರು ಇಪ್ಪತ್ತು ನಿಮಿಷಕ್ಕೆ ಆಚೆ ಬರುತ್ತದೆ. ಸುರಂಗದ ಎರಡೂ ಬದಿಯ ಹಳಿ ಕೆರೆಯಂಚು, ಕಣಿವೆಗಳಲ್ಲಿ ಬಳಸಿಕೊಂಡು ಹೋಗುವುದರಿಂದ ಅಲ್ಲಿ ಆ ವೇಗ ಸಿಗದು. ಹೀಗಾಗಿ ಮಿಲಾನೋ ಚೆಂಟ್ರಾಲೆ ನಿಲ್ದಾಣದಿಂದ ಜ್ಯೂರಿಕ್ ಮುಖ್ಯ ನಿಲ್ದಾಣಕ್ಕೆ ಸುಮಾರು ಮೂರೂಕಾಲು ಗಂಟೆ. ಮಾಲ್ಪೆನ್ಸಾ ವಿಮಾನ ನಿಲ್ದಾಣ ಮಿಲಾನ್‌ನಿಂದ ಸುಮಾರು 50 ಕಿಲೋಮೀಟರ್ ದೂರವಿದೆ. ಊರೊಳಕ್ಕೆ ಬರಲು ರೈಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯನ್ನು ಬೇರೆಯೇ ಇಟ್ಟುಕೊಳ್ಳಿ.

ಉತ್ತರ 2 (ಮಂಡ್ಯ):
ಮೇಲಿನವರ ಮಾತಿಗೆ ಕಾರಿನ ಸಂಗತಿಯನ್ನಷ್ಟೇ ಸೇರಿಸುತ್ತೇನೆ. ನಕ್ಷೆ ಮೂರೂವರೆ ಗಂಟೆ ಎಂದು ತೋರಿಸಿದ್ದನ್ನು ನಂಬಿ ಈಸ್ಟರ್ ರಜೆಯಲ್ಲಿ ನಾವು ಕಾರಿನಲ್ಲೇ ಹೊರಟಿದ್ದೆವು. ಗೊಟ್ಟಾರ್ಡ್ ರಸ್ತೆ ಸುರಂಗ 1980ರದು, ಸುಮಾರು 17 ಕಿಲೋಮೀಟರ್ ಉದ್ದ, ಹೋಗಲು ಒಂದು ಸಾಲು, ಬರಲು ಒಂದು ಸಾಲು, ಅಷ್ಟೇ. ರಜಾದಿನಗಳಲ್ಲಿ ಅದರ ಬಾಯಲ್ಲಿ ವಾಹನಗಳು ಮೈಲುಗಟ್ಟಲೆ ನಿಲ್ಲುತ್ತವೆ. ಎಂಜಿನ್ ಆರಿಸಿ, ಬಾಗಿಲು ತೆರೆದಿಟ್ಟುಕೊಂಡು, ಬುತ್ತಿಯ ಪುಳಿಯೋಗರೆಯನ್ನು ಡಬ್ಬಿಯ ಮುಚ್ಚಳದಲ್ಲೇ ಹಂಚಿ ತಿಂದು ಮುಗಿಸಿದರೂ ನಾವು ಇದ್ದಲ್ಲೇ ಇದ್ದೆವು. ನಿಮ್ಮ ಯಜಮಾನರ ಮಂಡಿಗೆ, ಎದ್ದು ನಾಲ್ಕು ಹೆಜ್ಜೆ ಓಡಾಡಲು ಆಗುವ ರೈಲೇ ಮೇಲು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ರೈಲಿಗೇ ಮನಸ್ಸು ಮಾಡಿದ್ದೇವೆ. ಆದರೆ ಸುರಂಗದ ಕತ್ತಲಲ್ಲಿ ಆಲ್ಪ್ಸ್ ದಾಟಿದರೆ ನೋಡಿದಂತಾಗುವುದೇ ಎಂದು ಯಜಮಾನರು ಕೇಳುತ್ತಿದ್ದಾರೆ.

ಉತ್ತರ 1 (ಸರಸ್ವತಿಪುರಂ):
ನ್ಯಾಯವಾದ ಪ್ರಶ್ನೆ. ದಾರಿಯಲ್ಲಿ ಆ ಸುರಂಗಕ್ಕೆ ಮೊದಲೇ ಸಿಗುವ ಬೆಲ್ಲಿನ್‌ಜೋನಾ ನಿಲ್ದಾಣದಲ್ಲಿ ಇಳಿದು, 1882ರಲ್ಲಿ ತೆರೆದ ಹಳೆಯ ಗೊಟ್ಟಾರ್ಡ್ ಮಾರ್ಗದ ರೈಲು ಹಿಡಿಯಿರಿ; ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಆ ಹಳಿ ಬೆಟ್ಟದೊಳಗೆ ಸುತ್ತು ಹೊಡೆದು ಇಳಿಯುವುದರಿಂದ, ವಾಸ್ಸೆನ್ ಎಂಬ ಹಳ್ಳಿಯ ಒಂದೇ ಬಿಳಿ ಚರ್ಚು ಮೂರು ಸಲ ಕಾಣುತ್ತದೆ. ನೀವು ಉತ್ತರಕ್ಕೆ ಹೋಗುವವರಾದ್ದರಿಂದ ಮೊದಲು ಅದು ಕೆಳಗೆ, ಆಮೇಲೆ ಕಣ್ಣೆತ್ತರದಲ್ಲಿ, ಕೊನೆಗೆ ತಲೆಯ ಮೇಲೆ. ಗೋಶೆನೆನ್ ನಿಲ್ದಾಣ ದಾಟಿದ ಕೂಡಲೇ ಯಜಮಾನರನ್ನು ಎಬ್ಬಿಸಿ.