ಇತಿಹಾಸ ಪ್ರಬಂಧದ ಪೀಠಿಕೆ ಸಪ್ಪೆಯಾಗುತ್ತಿದೆ, ಹೇಗೆ ಶುರು ಮಾಡಲಿ?

ಮಳವಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆ ವರ್ಷ. '1881ರ ನಂತರ ಮೈಸೂರು ಸಂಸ್ಥಾನದ ಆಧುನೀಕರಣ' ಅಂತ ಪ್ರಬಂಧ ಬರೆಯಬೇಕು. ಮೂರು ಸಲ ಪೀಠಿಕೆ ಬರೆದು ಹರಿದೆ. ಈಗ ಇರುವುದು ಇಷ್ಟು: "ಭಾರತದ ಇತಿಹಾಸದಲ್ಲಿ ಮೈಸೂರು ಸಂಸ್ಥಾನಕ್ಕೆ ಮಹತ್ವದ ಸ್ಥಾನವಿದೆ. ಒಡೆಯರು ಅದನ್ನು ಮಾದರಿ ರಾಜ್ಯವನ್ನಾಗಿ ಮಾಡಿದರು." ಒಳಗೆ ಬರೆಯಲು ಬೇಕಾದಷ್ಟಿದೆ. ಪ್ರಜಾ ಪ್ರತಿನಿಧಿ ಸಭೆ, ರೈಲು, ಶಿವನಸಮುದ್ರದ ಕರೆಂಟು, ಎಲ್ಲ ಓದಿದ್ದೇನೆ. ಶುರು ಮಾತ್ರ ಕೂರುತ್ತಿಲ್ಲ.

ಪುಸ್ತಕದ ಹುಳು:
ಯಾರಾದರೂ ದೊಡ್ಡವರ ಮಾತು ಹಾಕಿ ಶುರು ಮಾಡಿ. ಓದುವವರಿಗೆ ಚೆನ್ನಾಗಿರುತ್ತದೆ.

ನಿವೃತ್ತ ಮೇಷ್ಟ್ರು:
ದೊಡ್ಡವರ ಮಾತು ಬೇಡಮ್ಮ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಅಂಥ ಪೀಠಿಕೆಗಳನ್ನು ಕಂತೆಗಟ್ಟಲೆ ತಿದ್ದಿದ್ದೇನೆ. ಮಾತು ಯಾರದೋ, ಬರೆದವರ ಯೋಚನೆ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ನಿನ್ನ ಎರಡು ಸಾಲಿನಲ್ಲಿ ಮೈಸೂರು, ಒಡೆಯರು ತೆಗೆದು ಬರೋಡಾ, ಗಾಯಕವಾಡರು ಅಂತ ಹಾಕಿ ನೋಡು. ಹಾಗೇ ಕೂತುಬಿಡುತ್ತದೆ, ಅಲ್ವಾ? ಮೈಸೂರಿಗೆ ಮಾತ್ರ ಹೊಂದುವ ಒಂದು ಸಂಗತಿ ಬೇಕು. ಅದು ನಿನ್ನ ತಾಲ್ಲೂಕಿನಲ್ಲೇ ಇದೆ. ಶಿವನಸಮುದ್ರದಲ್ಲಿ ಬ್ಲಫ್ ಅಂತ ಕರೆಯುವ ಜಾಗದ ವಿದ್ಯುದಾಗಾರ ನೋಡಿಲ್ಲವಾ? 1902ರಲ್ಲಿ ಅಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬೆಳಕು ಬಂದಿದ್ದು 1905ರಲ್ಲಿ.

ಈ ಎರಡು ಇಸವಿ ಪಕ್ಕಪಕ್ಕ ಇಟ್ಟರೆ ಪ್ರಶ್ನೆ ತಾನಾಗಿ ಏಳುತ್ತದೆ: ಗಣಿಗೆ ಯಾಕೆ ಮೊದಲು? ಅದಕ್ಕೆ ನಿನ್ನ ಉತ್ತರ ಏನು ಅಂತ ಪೀಠಿಕೆಯ ಕೊನೆ ಸಾಲಿನಲ್ಲಿ ಹೇಳಿಬಿಡು. ಇನ್ನೊಂದು ಮಾತು. 'ತಂತಿ ನೋಡಿ ರೈತರು ಬೆರಗಾದರು' ಅಂತೆಲ್ಲ ಸುಮ್ನೆ ಸೇರಿಸಬೇಡ. ದಾಖಲೆ ಕೈಯಲ್ಲಿದ್ದರೆ ಮಾತ್ರ ಬರಿ.

ಮಳವಳ್ಳಿ ಹುಡುಗಿ:
ಮೇಷ್ಟ್ರೇ, ನಮ್ಮೂರಿನಿಂದ ಬ್ಲಫ್‌ಗೆ ಎಷ್ಟು ಸಲ ಹೋಗಿದ್ದೇನೋ! ಅದು ಪ್ರಬಂಧದ ಮೊದಲ ಸಾಲಾಗಬಹುದು ಅಂತ ಹೊಳೆಯಲೇ ಇಲ್ಲ. ಹೀಗೆ ಬರೆದೆ:

"1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಸಂಸ್ಥಾನದ ಆಧುನೀಕರಣದಲ್ಲಿ ಯಾರ ಸರದಿ ಮೊದಲು ಎಂಬುದನ್ನು ಖಜಾನೆಯ ಲೆಕ್ಕ ತೀರ್ಮಾನಿಸಿತು ಎಂದು ಈ ಪ್ರಬಂಧದಲ್ಲಿ ಹೇಳಲು ಪ್ರಯತ್ನಿಸಲಾಗಿದೆ."

ನಿವೃತ್ತ ಮೇಷ್ಟ್ರು:
ಭೇಷ್! 'ತೀರ್ಮಾನಿಸಿತು' ಅನ್ನುವಲ್ಲಿಗೆ ನಿಲ್ಲಿಸು, ಮುಂದಿನದು ಹೊಡೆದುಹಾಕು. ಖಜಾನೆ ಅಂದಮೇಲೆ ಮುಂದಿನ ಪ್ಯಾರಾದಲ್ಲೇ ಗಣಿಯಿಂದ ಸರ್ಕಾರಕ್ಕೆ ಬರುತ್ತಿದ್ದ ರಾಜಧನದ ವಿಷಯ ಬರಬೇಕು. ಅದನ್ನು ಬರೆದು ಇಲ್ಲೇ ಹಾಕು, ನೋಡುತ್ತೇನೆ.