ಲ್ಯಾಪ್‌ಟಾಪಿನಲ್ಲಿ ಕನ್ನಡ, ಸರ್ವರಿನಲ್ಲಿ ಮಲಯಾಳಂ: ಡಾಟ್ ಎನ್ವ್ ಫೈಲಿನ ಸೆಟ್ಟಿಂಗ್ ಹಿಡಿಯುತ್ತಿಲ್ಲ

ಬದಿಯಡ್ಕದವ:
ನಮಸ್ಕಾರ. ಎರಡು ದಿನದಿಂದ ಒದ್ದಾಡ್ತಾ ಇದ್ದೇನೆ, ಸ್ವಲ್ಪ ನೋಡಿ ಹೇಳಿ.

ನಮ್ಮ ಊರಿನ ಅಡಕೆ ಖರೀದಿ ಕೇಂದ್ರಕ್ಕೆ ಜಾಂಗೋದಲ್ಲಿ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಒಂದು ರಶೀದಿ ಆ್ಯಪ್ ಮಾಡಿ ಕೊಟ್ಟಿದ್ದೇನೆ. ಹಳೆ ಚಾಲಿ, ಹೊಸ ಚಾಲಿ, ಪಟೋರ, ಕರಿಗೋಟು ಅಂತ ಬಗೆ ಆರಿಸಿ ತೂಕ ಹಾಕಿದರೆ ರಶೀದಿ ಪ್ರಿಂಟ್ ಆಗ್ತದೆ. ಕನ್ನಡ, ಮಲಯಾಳಂ ಎರಡರಲ್ಲೂ ಅನುವಾದ ಉಂಟು. ನೀಲೇಶ್ವರ ಕಡೆಯ ಶಾಖೆಗೂ ಇದೇ ಕೋಡ್ ಹೋಗಬೇಕು, ಅಲ್ಲಿಗೆ ಮಲಯಾಳಂ ಬೇಕು. ಹಾಗಾಗಿ ಭಾಷೆಯನ್ನು ಕೋಡಿನಲ್ಲಿ ಬರೆಯದೆ, ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲಿನಲ್ಲಿ ಇಟ್ಟಿದ್ದೇನೆ: ಲ್ಯಾಂಗ್=ಕೆಎನ್. ಸೆಟ್ಟಿಂಗ್ಸಿನಲ್ಲಿ, ಕೆಎನ್ ಆದರೆ ಕನ್ನಡ, ಇಲ್ಲದಿದ್ದರೆ ಮಲಯಾಳಂ.

ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕನ್ನಡ ಬರ್ತದೆ. ಉಬುಂಟು ಸರ್ವರಿಗೆ ಹಾಕಿದರೆ ಮಲಯಾಳಂ ಮಾತ್ರ. ಫೈಲ್ ಇದ್ದಲ್ಲೇ ಉಂಟು. ಅದರಲ್ಲಿರುವ ಡೇಟಾಬೇಸ್ ಪಾಸ್‌ವರ್ಡ್ ಸಿಗ್ತದೆ, ಭಾಷೆ ಮಾತ್ರ ಸಿಗುವುದಿಲ್ಲ. ಇದು ಹೇಗೆ ಸಾಧ್ಯ?

ನಿನ್ನೆ ಒಬ್ಬರು ಅಜ್ಜ ರಶೀದಿ ಹಿಡಿದುಕೊಂಡು ಮೆಟ್ಟಿಲಿಳಿದವರು ತಿರುಗಿ ಹತ್ತಿ ಬಂದು, "ಇದರಲ್ಲಿ ಎಂತ ಬರೆದದ್ದು ಮಗಾ? ತೂಕ ಬಿಟ್ಟರೆ ಒಂದೂ ಓದ್ಲಿಕ್ಕೆ ಆಗುವುದಿಲ್ಲ" ಅಂತ ಕೇಳಿದರು. ನಾನೇ ಓದಿ ಹೇಳಿದೆ. ಬೇಗ ಸರಿ ಮಾಡಬೇಕು.

ಪೈಥಾನ್ ಭಟ್ರು:
ಪಾಸ್‌ವರ್ಡ್ ಸಿಗ್ತದೆ ಎಂದರೆ ಫೈಲ್ ಓದುತ್ತಿದೆ. ತೊಂದರೆ ಇರುವುದು ಹೆಸರಿನಲ್ಲಿ.

ಲ್ಯಾಂಗ್ ಎಂಬುದು ಲಿನಕ್ಸಿನದ್ದೇ ಎನ್ವಿರಾನ್ಮೆಂಟ್ ವೇರಿಯೇಬಲ್, ಅಂದರೆ ಪ್ರೋಗ್ರಾಮ್ ಶುರುವಾಗುವಾಗ ಅದರ ಕೈಗೆ ಕೊಡುವ ಒಂದು ಹೆಸರು, ಅದರ ಬೆಲೆ. ಇಡೀ ಸಿಸ್ಟಮಿನ ಭಾಷೆ, ಅಕ್ಷರ ಸಂಕೇತ ಎರಡನ್ನೂ ಅದು ಹೇಳ್ತದೆ. ನಿಮ್ಮ ಸರ್ವರಿನಲ್ಲಿ ಅದಕ್ಕೆ ಮೊದಲೇ ಸಿ.ಯುಟಿಎಫ್-8 ಎಂಬಂಥ ಒಂದು ಬೆಲೆ ಇರಬೇಕು, ಸರ್ವಿಸುಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಅದನ್ನು ನಿಮ್ಮ ಸರ್ವಿಸಿಗೂ ದಾಟಿಸ್ತದೆ. ನಿಮ್ಮ ಫೈಲನ್ನು ಓದುವ ಪೈಥಾನ್ ಡಾಟ್‌ಎನ್ವ್ ಲೈಬ್ರರಿಯಾದರೋ, ಈಗಾಗಲೇ ಇರುವ ವೇರಿಯೇಬಲನ್ನು ಮುಟ್ಟುವುದಿಲ್ಲ. ಓವರ್‌ರೈಡ್ ಎಂದು ಕೇಳಿಕೊಂಡರೆ ಮಾತ್ರ ಬದಲಿಸ್ತದೆ. ಹಾಗಾಗಿ ನಿಮ್ಮ ಕೆಎನ್ ಒಳಗೆ ಹೋಗಲೇ ಇಲ್ಲ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಆ ಹೆಸರು ಖಾಲಿ ಇರ್ತದೆ, ಅಲ್ಲಿ ನಿಮ್ಮದು ನಡೆಯಿತು.

ನನ್ನ ಮಾತು ನಂಬಬೇಡಿ, ಕಣ್ಣಾರೆ ನೋಡಿ. ಸರ್ವಿಸಿನ ಪ್ರೊಸೆಸ್ ನಂಬರ್ ಹಿಡಿದು, ಪ್ರೊಕ್ ಡೈರೆಕ್ಟರಿಯಲ್ಲಿ ಆ ನಂಬರಿನ ಒಳಗಿರುವ ಎನ್ವಿರಾನ್ ಫೈಲ್ ತೆರೆಯಿರಿ. ಪ್ರೊಸೆಸ್ ಶುರುವಾಗುವಾಗ ಅದರ ಕೈಗೆ ಏನೇನು ಕೊಟ್ಟಿದ್ದರೋ ಅದಷ್ಟೇ ಅಲ್ಲಿ ಇರ್ತದೆ. ಎಲ್ಲ ಅಂಟಿಕೊಂಡು ಕಾಣ್ತದೆ, ಟಿಆರ್ ಕಮಾಂಡಿನಿಂದ ಸಾಲು ಸಾಲು ಮಾಡಿಕೊಳ್ಳಿ.

ಓವರ್‌ರೈಡ್ ಹಾಕಿ ಮುಗಿಸಬೇಡಿ. ಸಿಸ್ಟಮಿನ ಲ್ಯಾಂಗ್ ಹಾಳಾದರೆ ಬೇರೆ ಕಡೆ ಯುನಿಕೋಡ್ ಎರರ್ ಬಂದೀತು. ಹೆಸರು ಬದಲಿಸಿ: ರಶೀದಿ_ಲ್ಯಾಂಗ್ ಅಂತ ಮಾಡಿ.

ತಾಳವಾಡಿ ಗಡಿ:
ನಮಗೂ ಹೀಗೇ ಆಗಿತ್ತು. ಡೇಟಾಬೇಸಿನ ಬಳಕೆದಾರನ ಹೆಸರು ಇಡುವ ವೇರಿಯೇಬಲಿಗೆ ಯೂಸರ್ ಎಂದೇ ಹೆಸರಿಟ್ಟಿದ್ದೆವು. ಸಿಸ್ಟಮ್‌ಡಿ ಅದರಲ್ಲಿ ಸರ್ವಿಸ್ ನಡೆಸುವ ಖಾತೆಯ ಹೆಸರು ತುಂಬಿಸ್ತದೆ, ಆ ಹೆಸರಿನಲ್ಲಿ ಲಾಗಿನ್ ಮಾಡಲು ಹೋಗಿ ಸೋಲುತ್ತಿತ್ತು. ಅಂದಿನಿಂದ ನಮ್ಮ ಪ್ರತಿ ವೇರಿಯೇಬಲಿಗೂ ಆ್ಯಪಿನ ಹೆಸರು ಮುಂದೆ ಇರ್ತದೆ.

ಬದಿಯಡ್ಕದವ:
ಭಟ್ರೆ, ನೀವು ಹೇಳಿದ್ದೇ. ಎನ್ವಿರಾನ್ ಫೈಲಿನಲ್ಲಿ ಲ್ಯಾಂಗ್=ಸಿ.ಯುಟಿಎಫ್-8 ಅಂತ ಉಂಟು. ಹೆಸರು ಬದಲಿಸಿದೆ, ಕನ್ನಡ ಬಂತು.

ಹೇಗೂ ಕೈ ಹಾಕಿದ್ದೇನೆ, ಡಾಟ್‌ಎನ್ವ್ ಲೈಬ್ರರಿ ಬಿಟ್ಟು ಅದೇ ಫೈಲನ್ನು ಸಿಸ್ಟಮ್‌ಡಿಯ ಎನ್ವಿರಾನ್ಮೆಂಟ್‌ಫೈಲ್ ಸಾಲಿಗೆ ಕೊಟ್ಟೆ. ಈಗ ಪುನಃ ಮಲಯಾಳಂ! ಫೈಲಿನ ಮೊದಲ ಸಾಲು ಎಕ್ಸ್‌ಪೋರ್ಟ್ ರಶೀದಿ_ಲ್ಯಾಂಗ್=ಕೆಎನ್. ಎರಡನೆಯದು ಡಿಬಗ್=ಫಾಲ್ಸ್ (ಎರರ್ ವಿವರ ತೋರಿಸುವುದು ಬೇಡ ಅಂತ), ಸೆಟ್ಟಿಂಗ್ಸಿನಲ್ಲಿ ಅದನ್ನು ಟ್ರೂ ಅಥವಾ ಫಾಲ್ಸ್ ಮಾಡಿ ಕೊಡುವ ಬೂಲ್ ಒಳಗೆ ಹಾಕಿ ಓದುತ್ತೇನೆ.

ಪೈಥಾನ್ ಭಟ್ರು:
ಎಕ್ಸ್‌ಪೋರ್ಟ್ ತೆಗೆಯಿರಿ. ಅದು ಶೆಲ್ಲಿನ ಮಾತು. ಡಾಟ್‌ಎನ್ವ್ ಅದನ್ನು ಒಪ್ಪಿಕೊಳ್ತದೆ, ಸಿಸ್ಟಮ್‌ಡಿ ಒಪ್ಪುವುದಿಲ್ಲ. ಆ ಸಾಲನ್ನು ಬಿಟ್ಟು ಮುಂದೆ ಹೋಗ್ತದೆ, ಜರ್ನಲ್ ಲಾಗಿನಲ್ಲಿ ಒಂದು ಎಚ್ಚರಿಕೆ ಬಿದ್ದಿರಬೇಕು. ಫೈಲ್ ತಿದ್ದಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಓಡುತ್ತಿರುವ ಪ್ರೊಸೆಸಿಗೆ ಹೊಸ ಬೆಲೆ ತಾನಾಗಿ ಮುಟ್ಟುವುದಿಲ್ಲ. ಫೈಲಿಗೆ ರೂಟ್ ಮಾಲೀಕತ್ವ, 600 ಅನುಮತಿ ಸಾಕು. ಸಿಸ್ಟಮ್‌ಡಿ ಅದನ್ನು ತಾನೇ ಓದಿ ಕೊಡ್ತದೆ, ನಿಮ್ಮ ಸರ್ವಿಸಿನ ಖಾತೆಗೆ ಓದುವ ಹಕ್ಕು ಬೇಡ.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ನಿಮ್ಮ ಎರಡನೇ ಸಾಲು. ಎನ್ವಿರಾನ್ಮೆಂಟ್ ವೇರಿಯೇಬಲಿನಲ್ಲಿ ಇರುವುದು ಬರೀ ಅಕ್ಷರ. ಫಾಲ್ಸ್ ಎಂಬ ಐದು ಅಕ್ಷರದ ಪದ ಖಾಲಿ ಅಲ್ಲವಲ್ಲ, ಹಾಗಾಗಿ ಪೈಥಾನಿನ ಬೂಲ್ ಅದಕ್ಕೆ ಟ್ರೂ ಅಂತಲೇ ಹೇಳ್ತದೆ. ಅಂದರೆ ನಿಮ್ಮ ಆ್ಯಪ್ ಇಷ್ಟು ದಿನವೂ ಡಿಬಗ್ ಆನ್ ಆಗಿಯೇ ನಡೆದಿದೆ. ಎಲ್ಲಾದರೂ ಎರರ್ ಬಂದರೆ ಕೋಡಿನ ಸಾಲುಗಳು, ಒಳಗಿನ ಬೆಲೆಗಳು ಎಲ್ಲ ಎದುರಿದ್ದವರಿಗೆ ಕಾಣ್ತದೆ. ಇವತ್ತೇ ಬದಲಿಸಿ: ಸಣ್ಣಕ್ಷರಕ್ಕೆ ತಿರುಗಿಸಿ, 1 ಅಥವಾ ಟ್ರೂ ಆದರೆ ಮಾತ್ರ ಆನ್.

ಇನ್ನೊಂದು. "ಇಲ್ಲದಿದ್ದರೆ ಮಲಯಾಳಂ" ಎಂಬುದನ್ನು ದಯವಿಟ್ಟು ತೆಗೆದುಬಿಡಿ. ಎರಡೂ ಸಲ ತಪ್ಪನ್ನು ಮುಚ್ಚಿಟ್ಟದ್ದು ಅದೇ. ನಮ್ಮ ಕಾಸರಗೋಡಿನಲ್ಲಿ ಭಾಷೆಯನ್ನು ಊಹಿಸಿ ತುಂಬಿಸಬಾರದು, ಕನ್ನಡ ಮಾತ್ರ ಬಲ್ಲವರೂ ಇದ್ದಾರೆ, ಮಲಯಾಳಂ ಮಾತ್ರ ಬಲ್ಲವರೂ ಇದ್ದಾರೆ. ಕೆಎನ್, ಎಮ್‌ಎಲ್ ಎರಡೂ ಅಲ್ಲದಿದ್ದರೆ ಆ್ಯಪ್ ಶುರುವೇ ಆಗಬಾರದು. ಇಂಪ್ರಾಪರ್ಲಿ ಕಾನ್ಫಿಗರ್ಡ್ ಎಂಬ ಎರರ್ ಜಾಂಗೋದಲ್ಲೇ ಉಂಟು, ಅದನ್ನು ಎಬ್ಬಿಸಿ.

ಬದಿಯಡ್ಕದವ:
ಎಲ್ಲ ಮಾಡಿದೆ. ಬೇಕೆಂದೇ ಭಾಷೆಯ ಸಾಲು ಅಳಿಸಿ ರೀಸ್ಟಾರ್ಟ್ ಮಾಡಿ ನೋಡಿದೆ, ಸರ್ವಿಸ್ ಏಳಲಿಲ್ಲ, ಲಾಗಿನಲ್ಲಿ ಕಾರಣ ಸ್ಪಷ್ಟ ಬಂತು. ವಾಪಸ್ ಹಾಕಿದೆ. ಡಿಬಗ್ ನಿಜವಾಗಿ ಆಫ್ ಆಗಿದೆ, ತಪ್ಪು ವಿಳಾಸ ಹೊಡೆದರೆ ಈಗ ಬರೀ 404 ಪುಟ.

ಅಜ್ಜನಿಗೆ ಹಳೆ ರಶೀದಿಯ ಬದಲು ಕನ್ನಡದ್ದು ಪ್ರಿಂಟ್ ಮಾಡಿ ತೆಗೆದಿಟ್ಟಿದ್ದೇನೆ. ನೀಲೇಶ್ವರದ ಸರ್ವರಿಗೆ ಅದೇ ಕೋಡ್ ಕಳಿಸಿದೆ, ಅಲ್ಲಿಯ ಫೈಲಿನಲ್ಲಿ ಎಮ್‌ಎಲ್.