ಜಪಾನಿನ ಟಿ.ವಿ. ಮುಂದೆ ಪರದೇಶಿ ಗೇಮ್ ಪೆಟ್ಟಿಗೆಗೆ ಜಾಗವಿದೆಯೇ?

ಕರಿಹಲಗೆ:
ಅಮೆರಿಕದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಎಂಬ ಗೇಮ್ ಪೆಟ್ಟಿಗೆ ಮಾರಲು ಇಪ್ಪತ್ತು ವರ್ಷಗಳಿಗೂ ಮೀರಿ ಜಪಾನಿನಲ್ಲಿ ತಲೆ ಚಚ್ಚಿಕೊಳ್ಳುತ್ತಿದೆ. 2002ರ ಫೆಬ್ರುವರಿ 22ರಂದು ಬಿಲ್ ಗೇಟ್ಸ್ ಅವರೇ ಟೋಕಿಯೊದ ಶಿಬುಯಾಕ್ಕೆ ಹೋಗಿ, ಅಂಗಡಿಯಲ್ಲಿ ನಿಂತು ಮೊದಲ ಎಕ್ಸ್‌ಬಾಕ್ಸ್‌ಗಳನ್ನು ಗಿರಾಕಿಗಳ ಕೈಗೆ ಕೊಟ್ಟರು. ಆ ಪೆಟ್ಟಿಗೆ ಅಲ್ಲಿ ಐದು ಲಕ್ಷವೂ ಖರ್ಚಾಗಲಿಲ್ಲ. ಆಮೇಲೆ ಬಂದ ಎಕ್ಸ್‌ಬಾಕ್ಸ್ 360 ಸುಮಾರು 16 ಲಕ್ಷ. ಅದರ ನಂತರದ ಎಕ್ಸ್‌ಬಾಕ್ಸ್ ಒನ್ ಒಂದು ಲಕ್ಷ ಚಿಲ್ಲರೆಗೇ ನಿಂತಿತು. ಜಪಾನಿನದೇ ಆದ ನಿಂಟೆಂಡೊ ಕಂಪನಿಯ ಸ್ವಿಚ್ ಅದೇ ದೇಶದಲ್ಲಿ ಮೂರು ಕೋಟಿ ದಾಟಿದೆ. ನನಗೆ ಕಾಣುವುದು ಇಷ್ಟೆ: ಗೇಮ್ ವಿಷಯದಲ್ಲಿ ಜಪಾನೀಯರು ಸ್ವದೇಶಿ ವ್ರತ ಹಿಡಿದವರು. ಹೊರಗಿನವರು ಅಲ್ಲಿ ಸುರಿಯುವ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಪ್ಪದವರು ಕಾರಣ ಕೊಡಲಿ.

ನಿಶಿಕಸಾಯಿ ನಿವಾಸಿ:
ಸ್ವದೇಶಿ ವ್ರತವೇ? ಬೆಳಗಿನ ಹೊತ್ತು ಟೋಕಿಯೊದ ನಮ್ಮ ತೋಜಾಯ್ ಮಾರ್ಗದ ರೈಲು ಹತ್ತಿ ನೋಡಿ, ಹೆಚ್ಚುಕಡಿಮೆ ಅರ್ಧದಷ್ಟು ಜನರ ಕೈಯಲ್ಲಿ ಐಫೋನ್. 2008ರಲ್ಲಿ ಅದು ಬಂದಾಗ ಇಲ್ಲಿನ ಫೋನುಗಳಲ್ಲಿ ಟಿ.ವಿ. ನೋಡಬಹುದಿತ್ತು, ಅಂಗಡಿಯಲ್ಲಿ ಹಣ ಕೊಡಬಹುದಿತ್ತು. ಐಫೋನಿಗೆ ಎರಡೂ ಬರುತ್ತಿರಲಿಲ್ಲ, ಆದರೂ ಗೆದ್ದಿತು. ಅಲ್ಲಿಗೇ ಸುಮ್ಮನಾಗದೆ 2016ರಲ್ಲಿ ಐಫೋನ್ 7ರ ಜಪಾನ್ ಮಾದರಿಗೆಂದೇ, ತಾಗಿಸಿ ಹಣ ಕೊಡುವ ಫೆಲಿಕಾ ಸೌಲಭ್ಯ ಸೇರಿಸಿದರು. ನಿಲ್ದಾಣದ ಗೇಟಿನಲ್ಲಿ ಜನ ನಿಲ್ಲುವುದಿಲ್ಲ, ನಡಿಗೆ ನಿಧಾನಿಸುವುದೂ ಇಲ್ಲ. ಫೋನಿನಲ್ಲಿರುವ ಸುಯಿಕಾ ಎಂಬ ರೈಲು ಕಾರ್ಡನ್ನು ತಾಗಿಸುತ್ತಲೇ ದಾಟುತ್ತಾರೆ. ಒಬ್ಬ ತಡೆದು ನಿಂತರೆ ಹಿಂದಿನ ಹತ್ತು ಜನ ಡಿಕ್ಕಿ ಹೊಡೆಯುತ್ತಾರೆ. ಆ ಗೇಟಿಗೆ ತಕ್ಕಂತೆ ತನ್ನ ಯಂತ್ರವನ್ನೇ ಬದಲಿಸಿಕೊಂಡ ಕಂಪನಿ ಅಮೆರಿಕದ್ದು. ಪರದೇಶಿ ಎಂದು ಯಾರೂ ಮೂಗು ಮುರಿಯಲಿಲ್ಲ.

ಕರಿಹಲಗೆ:
ಫೋನ್ ಎಲ್ಲರಿಗೂ ಬೇಕಾದ ವಸ್ತು ಸರ್. ಗೇಮ್ ಪೆಟ್ಟಿಗೆ ಹಾಗಲ್ಲ, ಅದಕ್ಕೆ ಬಾಲ್ಯದ ನಂಟಿರುತ್ತದೆ. ಮಾರಿಯೊ ಜೊತೆ ಬೆಳೆದವನು ತನ್ನ ಮಗನಿಗೆ ಇನ್ನೇನು ಕೊಡಿಸುತ್ತಾನೆ?

ಹಳೇ ಕಾರ್ಟ್ರಿಜ್:
ನಂಟು ಹುಟ್ಟುವ ಮೊದಲೂ ಹೊರಗಿನವರು ಸೋತರಲ್ಲ, ಅದಕ್ಕೇನು ಹೇಳುತ್ತೀರಿ? ಅಮೆರಿಕದ ಇಂಟೆಲಿವಿಷನ್ ಎಂಬ ಗೇಮ್ ಪೆಟ್ಟಿಗೆಯನ್ನು 1982ರಲ್ಲಿ ಬಂದಾಯ್ ಕಂಪನಿ ಜಪಾನಿಗೆ ತಂದಿತು, ಬೆಲೆ 49,800 ಯೆನ್. ಅಮೆರಿಕದ್ದೇ ಆದ ಅಟಾರಿ ಕಂಪನಿ ತನ್ನ ಹಳೆಯ 2600 ಪೆಟ್ಟಿಗೆಗೆ ಹೊಸ ಅಂಗಿ ತೊಡಿಸಿ 1983ರಲ್ಲಿ ಅಟಾರಿ 2800 ಎಂದು 24,800 ಯೆನ್‌ಗೆ ಇಳಿಸಿತು. ಅದೇ ವರ್ಷದ ಜುಲೈ 15ರಂದು ನಿಂಟೆಂಡೊದ ಫ್ಯಾಮಿಕಾಮ್ ಬಂತು: 14,800 ಯೆನ್, ಚಿತ್ರ ಅಟಾರಿಗಿಂತ ಎಷ್ಟೋ ಚೆನ್ನ. ಇದರಲ್ಲಿ ದೇಶಾಭಿಮಾನ ಎಲ್ಲಿಂದ ಬಂತು? ಹತ್ತು ಸಾವಿರ ಯೆನ್ ಕಡಿಮೆಗೆ ಒಳ್ಳೆಯ ವಸ್ತು ಸಿಕ್ಕರೆ ಯಾವ ಊರಿನವರಾದರೂ ಅದನ್ನೇ ಕೊಳ್ಳುತ್ತಾರೆ.

ಇನ್ನೊಂದು ಮಾತು. ಅದೇ 1983ರಲ್ಲಿ ಮೈಕ್ರೋಸಾಫ್ಟ್ ಜಪಾನಿನಲ್ಲಿ ಗೆದ್ದಿತ್ತು. ಆಸ್ಕಿ ಕಂಪನಿಯ ಕಜುಹಿಕೊ ನಿಶಿ ಮುಂದೆ ನಿಂತು ಎಂಎಸ್‌ಎಕ್ಸ್ ಎಂಬ ಗೃಹ ಕಂಪ್ಯೂಟರ್ ಮಾನದಂಡವನ್ನು ಹೊರತಂದರು. ಒಳಗಿದ್ದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮೈಕ್ರೋಸಾಫ್ಟಿನದು; ಯಂತ್ರ ಮಾಡಿದವರು ಸೋನಿ, ಮತ್ಸುಶಿತಾ, ತೋಷಿಬಾ, ಸ್ಯಾನ್ಯೊ. ಮಕ್ಕಳು ಅದರ ಮೇಲೆ ಆಟ ಆಡಿದರು. 1987ರ ಮೊದಲ ‘ಮೆಟಲ್ ಗೇರ್’ ಆಟ ಅದರ ಮುಂದಿನ ಆವೃತ್ತಿ ಎಂಎಸ್‌ಎಕ್ಸ್2ಕ್ಕಾಗಿಯೇ ಬಂದದ್ದು.

ಕರಿಹಲಗೆ:
ಸೋನಿ, ಮತ್ಸುಶಿತಾ ಮಾಡಿದ ಯಂತ್ರವನ್ನು ಪರದೇಶಿ ಎಂದು ನನ್ನ ತಲೆಗೆ ಕಟ್ಟಬೇಡಿ. ಪೆಟ್ಟಿಗೆಯ ಮೇಲೆ ಜಪಾನೀ ಹೆಸರಿತ್ತು, ಅದಕ್ಕೇ ಹೋಯಿತು. ನೀವು ನನ್ನ ವಾದಕ್ಕೇ ಸಾಕ್ಷಿ ಹೇಳುತ್ತಿದ್ದೀರಿ.

ಹಳೇ ಕಾರ್ಟ್ರಿಜ್:
ಹಾಗಾದರೆ ಪಿಪ್ಪಿನ್ ಎಂಬ ಗೇಮ್ ಪೆಟ್ಟಿಗೆ ಯಾಕೆ ಮುಳುಗಿತು? ಒಳಗೆ ಆಪಲ್ ತಂತ್ರಜ್ಞಾನ, ಹೊರಗೆ ಬಂದಾಯ್ ಹೆಸರು. 1996ರಲ್ಲಿ ಬಂದು ಹೇಳಹೆಸರಿಲ್ಲದೆ ಹೋಯಿತು. ಜಪಾನೀ ಹೆಸರಂತೂ ದಪ್ಪಕ್ಷರದಲ್ಲೇ ಇತ್ತು.

ಲೆಕ್ಕದ ಪುಸ್ತಕ:
ಇಬ್ಬರೂ ತೀರಾ ಹಿಂದಕ್ಕೆ ಹೋದಿರಿ. ನೋಡಬೇಕಾದದ್ದು 2005ರಿಂದ 2010ರವರೆಗಿನ ಕಾಲ. ಪರದೇಶಿ ಪೆಟ್ಟಿಗೆ ಅಲ್ಲಿ ಬೇರು ಬಿಡುವ ಹತ್ತಿರಕ್ಕೆ ಬಂದದ್ದು ಆಗ ಮಾತ್ರ, ಮತ್ತು ಆ ಬೇರನ್ನು ಕಿತ್ತವರು ಗಿರಾಕಿಗಳಲ್ಲ.

ಮೊದಲ ಎಕ್ಸ್‌ಬಾಕ್ಸ್ ಸೋಲಿನಿಂದ ಮೈಕ್ರೋಸಾಫ್ಟ್ ಪಾಠ ಕಲಿತಿತ್ತು. ಆ ಪೆಟ್ಟಿಗೆ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಡಿಸ್ಕ್‌ಗಳ ಮೇಲೆ ಗೀರು ಬೀಳುತ್ತದೆ ಎಂಬ ದೂರು ಜಪಾನಿನಲ್ಲಿ ಎದ್ದಿತು. ಬೆಲೆಯೂ 34,800 ಯೆನ್, ಸೋನಿಯ ಪ್ಲೇಸ್ಟೇಷನ್ 2 ಅದಕ್ಕಿಂತ ಅಗ್ಗ. 360ರ ಹೊತ್ತಿಗೆ ಅವರು ದುಡ್ಡನ್ನು ಸರಿಯಾದ ಕಡೆ ಹಾಕಿದರು. ‘ಫೈನಲ್ ಫ್ಯಾಂಟಸಿ’ ಎಂಬ ಜನಪ್ರಿಯ ಆಟಗಳ ಸರಣಿಯ ಜನಕ ಹಿರೊನೊಬು ಸಕಾಗುಚಿ ಅವರನ್ನು ಹಿಡಿದು, 2006ರ ಡಿಸೆಂಬರಿನಲ್ಲಿ ‘ಬ್ಲೂ ಡ್ರ್ಯಾಗನ್’ ತಂದರು. ಪಾತ್ರಗಳ ಚಿತ್ರ ಬರೆದವರು ಹೆಸರಾಂತ ಕಾಮಿಕ್ಸ್ ಕಲಾವಿದ ಅಕಿರಾ ತೊರಿಯಾಮ, ಸಂಗೀತ ನೊಬುಒ ಉಎಮತ್ಸು. ಮೂರು ಡಿಸ್ಕ್‌ಗಳ ಆಟ, ಸುಮಾರು ಎರಡು ಲಕ್ಷ ಪ್ರತಿ ಹೋಯಿತು. ಮರುವರ್ಷ ‘ಲಾಸ್ಟ್ ಒಡಿಸ್ಸಿ’. 2008ರ ಆಗಸ್ಟಿನಲ್ಲಿ ‘ಟೇಲ್ಸ್ ಆಫ್ ವೆಸ್ಪೀರಿಯಾ’ ಬಂದಾಗ ಅಂಗಡಿಗಳಲ್ಲಿ 360 ಪೆಟ್ಟಿಗೆಗಳೇ ಖಾಲಿಯಾದವು. ಮತ್ತೊಮ್ಮೆ ಓದಿ: ಜಪಾನಿನಲ್ಲಿ ಎಕ್ಸ್‌ಬಾಕ್ಸ್ ದಾಸ್ತಾನು ಸಾಲದೆ ಹೋಯಿತು. ‘ಸ್ಟೈನ್ಸ್;ಗೇಟ್’ 2009ರಲ್ಲಿ ಮೊದಲು ಬಂದದ್ದೂ 360ಕ್ಕೇ. ಕೇವ್ ಕಂಪನಿಯ ಗುಂಡಿನ ಮಳೆಯ ಆಟಗಳನ್ನು ಮನೆಯಲ್ಲಿ ಆಡಬೇಕೆಂದವರು ಇದೇ ಬಿಳಿ ಪೆಟ್ಟಿಗೆಯನ್ನು ಕೊಂಡರು.

ಮುಂದೇನಾಯಿತು? 2009ರ ಸೆಪ್ಟೆಂಬರಿನಲ್ಲಿ ವೆಸ್ಪೀರಿಯಾ ಪ್ಲೇಸ್ಟೇಷನ್ 3ಕ್ಕೆ ಬಂತು. ಬರಿಗೈಯಲ್ಲಿ ಬರಲಿಲ್ಲ, ಪ್ಯಾಟಿ ಎಂಬ ಹೊಸ ಪಾತ್ರವನ್ನೂ ಹೆಚ್ಚಿನ ಧ್ವನಿಗಳನ್ನೂ ಹೊತ್ತು ಬಂತು. 360ಕ್ಕೇ ಮೊದಲು ಬಂದಿದ್ದ ‘ಸ್ಟಾರ್ ಓಷನ್ 4’ ಒಂದು ವರ್ಷ ಕಳೆದು ಅದೇ ದಾರಿ ಹಿಡಿಯಿತು. ಆ ಒಂದು ಆಟಕ್ಕಾಗಿ ಇಡೀ ಪೆಟ್ಟಿಗೆ ಕೊಂಡವನ ಸ್ಥಿತಿ ಯೋಚಿಸಿ. ಮುಂದಿನ ಸಲ ಯಾವ ಬುದ್ಧಿವಂತ ತಾನೇ ಕಾಯದೆ ಕೊಳ್ಳುತ್ತಾನೆ?

ಉಪ್ಪಿಟ್ಟು ವಿರೋಧಿ:
ಮೊದಲು ‘ಪರದೇಶಿ’ ಯಾರು ಎಂದು ಗೊತ್ತುಮಾಡಿಕೊಳ್ಳಿ. ಜಪಾನೀ ಗೇಮ್ ಕಂಪನಿ ಎನಿಸಿಕೊಂಡ ಸೆಗಾದ ಬುಡ ಹಿಡಿದು ಜಗ್ಗಿದರೆ ಅಮೆರಿಕನ್ನರೇ ಸಿಗುತ್ತಾರೆ. ‘ಸ್ಪೇಸ್ ಇನ್ವೇಡರ್ಸ್’ ಮಾಡಿದ ತೈತೊ ಕಂಪನಿಯನ್ನು 1953ರಲ್ಲಿ ಕಟ್ಟಿದವರು ರಷ್ಯನ್ ಮೂಲದ ಮೈಕೆಲ್ ಕೋಗನ್. ಇನ್ನು ಸೋನಿಯ ಪ್ಲೇಸ್ಟೇಷನ್ ವಿಭಾಗದ ಮುಖ್ಯ ಕಚೇರಿ 2016ರಿಂದ ಕ್ಯಾಲಿಫೋರ್ನಿಯಾದಲ್ಲಿದೆ. ಜಪಾನಿನ ಪ್ಲೇಸ್ಟೇಷನ್‌ಗಳಲ್ಲಿ ಇಪ್ಪತ್ತೈದು ವರ್ಷ ವೃತ್ತದ ಗುಂಡಿ ಒತ್ತಿದರೆ ‘ಸರಿ’, ಕತ್ತರಿ ಗುರುತಿನ (×) ಗುಂಡಿ ಒತ್ತಿದರೆ ‘ಬೇಡ’. 2020ರಲ್ಲಿ ಪ್ಲೇಸ್ಟೇಷನ್ 5 (ಪಿಎಸ್5) ಬಂದಾಗ ಉಳಿದ ಲೋಕದಂತೆ ಅದನ್ನು ತಿರುಗಿಸಿಬಿಟ್ಟರು. ಹೆಬ್ಬೆರಳಿಗೆ ರೂಢಿಯಾದದ್ದು ರಾತ್ರೋರಾತ್ರಿ ಉಲ್ಟಾ! ಅಲ್ಲಿಯವರ ಕಣ್ಣಿಗೆ ಈಗ ಪಿಎಸ್5 ಕೂಡ ಅರೆಪರದೇಶಿಯೇ.

ನಿಶಿಕಸಾಯಿ ನಿವಾಸಿ:
ಗುಂಡಿಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆದರೆ ಲೆಕ್ಕದ ಪುಸ್ತಕದವರು ಬಿಟ್ಟ ಒಂದು ವಿಷಯವಿದೆ: ಮನೆ. ಇಲ್ಲಿ ಒಬ್ಬಂಟಿ ನೌಕರನ ಕೋಣೆ ಎಂದರೆ ಆರು ತತಾಮಿ ಚಾಪೆಯಷ್ಟು, ಅಂದರೆ ಸುಮಾರು ಹತ್ತು ಚದರ ಮೀಟರ್. ಅದರಲ್ಲೇ ಹಾಸಿಗೆ, ಮೇಜು, ಬಟ್ಟೆ ಒಣಗಿಸುವ ಕಂಬಿ. 2010ರಲ್ಲಿ ಮೈಕ್ರೋಸಾಫ್ಟ್, ಆಡುವವರ ಮೈಚಲನೆಯನ್ನೇ ಗುರುತಿಸುವ ಕಿನೆಕ್ಟ್ ಎಂಬ ಕ್ಯಾಮರಾ ತಂದಿತು. ಅದರ ಮುಂದೆ ಕುಣಿಯಬೇಕಾದರೆ ಆರಡಿ ದೂರ ನಿಲ್ಲಬೇಕು. ನನ್ನ ಹಳೆಯ ಕೋಣೆಯಲ್ಲಿ ಟಿ.ವಿ.ಯಿಂದ ಆರಡಿ ಹಿಂದೆ ಸರಿದರೆ ಬಾಲ್ಕನಿಯ ಗಾಜಿಗೆ ಬೆನ್ನು ತಾಗುತ್ತಿತ್ತು, ಮೇಲೆ ಕುಣಿದರೆ ಕೆಳಮನೆಯ ಅಜ್ಜಿ ಪೊರಕೆಯಿಂದ ಚಾವಣಿ ಕುಟ್ಟುತ್ತಿದ್ದರು. ಅದೇ ವರ್ಷಗಳಲ್ಲಿ ಹುಡುಗರು ಬರ್ಗರ್ ಅಂಗಡಿಯ ಒಂದೇ ಮೇಜಿನ ಸುತ್ತ ಸೋನಿಯ ಕೈಯಂತ್ರವಾದ ಪಿಎಸ್‌ಪಿ ನಾಲ್ಕು ಹಿಡಿದು ‘ಮಾನ್‌ಸ್ಟರ್ ಹಂಟರ್’ ಆಡುತ್ತಿದ್ದರು. ಆಟ ಕೈಗೆ ಬಂದಿತ್ತು, ಮೈಕ್ರೋಸಾಫ್ಟ್ ಮಾತ್ರ ಅದನ್ನು ಅಮೆರಿಕದ ಪಡಸಾಲೆಯಲ್ಲಿ ಹುಡುಕುತ್ತಿತ್ತು.

ಲೆಕ್ಕದ ಪುಸ್ತಕ:
ಕೋಣೆಯ ವಾದ ಅರ್ಧ ಸರಿ. ಪಿಎಸ್3 ಏನು ಕಿಸೆಯಲ್ಲಿ ಹಿಡಿಯುವ ವಸ್ತುವೇ? ಮೊದಲ ಮಾದರಿ ಇಡ್ಲಿ ಪಾತ್ರೆಗಿಂತ ದೊಡ್ಡದು. ಅದೇ ಕೋಣೆಗಳಿಗೆ ಒಂದು ಕೋಟಿ ಹೋಯಿತು. ಅಸಡ್ಡೆಯೇ ದೊಡ್ಡ ಕಾರಣ. ಎಕ್ಸ್‌ಬಾಕ್ಸ್ ಒನ್ ಅಮೆರಿಕದಲ್ಲಿ 2013ರ ನವೆಂಬರ್‌ನಲ್ಲಿ ಬಂತು, ಜಪಾನಿಗೆ 2014ರ ಸೆಪ್ಟೆಂಬರ್ 4ರಂದು. ಹತ್ತಿರ ಹತ್ತಿರ ಹತ್ತು ತಿಂಗಳು. ಮೊದಲ ವಾರ ಇಪ್ಪತ್ಮೂರು ಸಾವಿರ ಚಿಲ್ಲರೆ ಮಾರಾಟವಾಗಿ ಅಲ್ಲಿಗೇ ಕುಸಿಯಿತು. ಬಂದ ಅತಿಥಿಯನ್ನು ಹತ್ತು ತಿಂಗಳು ಜಗುಲಿಯಲ್ಲೇ ಕೂರಿಸಿದ ಮನೆಯವರು ಆಮೇಲೆ ‘ಇವರು ನಮ್ಮನ್ನು ಪ್ರೀತಿಸುವುದಿಲ್ಲ’ ಎಂದು ಅಳಬಾರದು. 2020ರ ಸಿರೀಸ್ ಎಕ್ಸ್ ಮತ್ತು ಎಸ್ ಪೆಟ್ಟಿಗೆಗಳು ಜಗತ್ತಿನ ಜೊತೆ ಒಂದೇ ದಿನ ಅಲ್ಲಿಗೂ ಬಂದವು. ಮೊದಲ ಎಕ್ಸ್‌ಬಾಕ್ಸ್‌ನ ಒಟ್ಟು ಲೆಕ್ಕವನ್ನು ದಾಟಿ ಐದು ಲಕ್ಷ ಮೀರಿದವು. ಸಣ್ಣ ಸಂಖ್ಯೆಯೇ, ಆದರೆ ಒನ್‌ನ ನಾಲ್ಕು ಪಟ್ಟು.

ಕರಿಹಲಗೆ:
ಐದು ಲಕ್ಷಕ್ಕೆ ಇಷ್ಟು ಸಂಭ್ರಮವೇ? ಸ್ವಿಚ್ ಒಂದೇ ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಮಾರಿದೆ. ಇಷ್ಟೆಲ್ಲ ಕಾರಣ ಹೇಳಿದಿರಿ, ಒಬ್ಬರೂ ‘ಗೆಲ್ಲುತ್ತದೆ’ ಎನ್ನಲಿಲ್ಲ.

ಹಳೇ ಕಾರ್ಟ್ರಿಜ್:
ಗೆದ್ದಾಗಿದೆ, ನೀವು ತಪ್ಪು ಕಪಾಟಿನಲ್ಲಿ ಹುಡುಕುತ್ತಿದ್ದೀರಿ. ‘ಮೈನ್‌ಕ್ರಾಫ್ಟ್’ ಆಟ 2014ರಿಂದ ಮೈಕ್ರೋಸಾಫ್ಟಿನ ಸೊತ್ತು. ಜಪಾನಿನಲ್ಲಿ ಸ್ವಿಚ್‌ಗೆ ಅತಿ ಹೆಚ್ಚು ಮಾರಾಟವಾದ ಆಟಗಳ ಸಾಲಿನಲ್ಲಿ ಅದೂ ಇದೆ, ವಾರಗಟ್ಟಲೆ ಪಟ್ಟಿಯಿಂದ ಇಳಿಯುವುದೇ ಇಲ್ಲ. ಕಂಪ್ಯೂಟರ್ ಆಟಗಳನ್ನು ಅಂತರ್ಜಾಲದಲ್ಲಿ ಮಾರುವ ಅಮೆರಿಕದ ವಾಲ್ವ್ ಕಂಪನಿಯ ಸ್ಟೀಮ್ ಅಲ್ಲಿ ಬೆಳೆಯುತ್ತಿದೆ. ಅವರ ಸ್ಟೀಮ್ ಡೆಕ್ ಕೈಯಂತ್ರ 2022ರ ಡಿಸೆಂಬರಿನಲ್ಲಿ ಜಪಾನಿಗೆ ಬಂತು. ಪೆಟ್ಟಿಗೆ ಮಾರುವ ಹಟ ಬಿಟ್ಟವರಿಗೆ ಬಾಗಿಲು ತೆರೆದಿದೆ.

ಉಪ್ಪಿಟ್ಟು ವಿರೋಧಿ:
ಪ್ರಶ್ನೆ ಪೆಟ್ಟಿಗೆಯದು ಅಣ್ಣ. ಎಂಎಸ್‌ಎಕ್ಸ್‌ನಿಂದ ಮೈನ್‌ಕ್ರಾಫ್ಟಿಗೆ ಹಾರುವುದು ಪರೀಕ್ಷೆಯಲ್ಲಿ ಬೇರೆ ಪ್ರಶ್ನೆಗೆ ಉತ್ತರ ಬರೆದ ಹಾಗಾಯಿತು.

ನಿಶಿಕಸಾಯಿ ನಿವಾಸಿ:
ಪೆಟ್ಟಿಗೆಯದೇ ಮಾತಾಡೋಣ. 2025ರ ಅಕ್ಟೋಬರಿನಲ್ಲಿ ತೈವಾನಿನ ಏಸಸ್ ಜೊತೆ ಸೇರಿ ಮೈಕ್ರೋಸಾಫ್ಟ್ ಕೈಯಲ್ಲಿ ಹಿಡಿದು ಆಡುವ ಎಕ್ಸ್‌ಬಾಕ್ಸ್ ಅಲೈ ತಂದಿತು. ಕೊನೆಗೂ ರೈಲಿನಲ್ಲಿ ಆಡಬಹುದಾದ ಎಕ್ಸ್‌ಬಾಕ್ಸ್. ಬಂದಾಗ ಬೆಲೆ 89,800 ಯೆನ್. ಅದೇ ವರ್ಷದ ಜೂನ್ 5ಕ್ಕೆ ನಿಂಟೆಂಡೊ ಏನು ಮಾಡಿತ್ತು ಗೊತ್ತೇ? ಸ್ವಿಚ್ 2ರ ಎಲ್ಲ ಭಾಷೆಗಳ ಮಾದರಿಗೆ 69,980 ಯೆನ್ ಇಟ್ಟು, ಜಪಾನೀ ಭಾಷೆಯೊಂದೇ ಇರುವ ಮಾದರಿಯನ್ನು 49,980ಕ್ಕೆ ಕೊಟ್ಟಿತು. ಯೆನ್ ಬಿದ್ದುಹೋಗಿದೆ, ಜನರ ಸಂಬಳ ಅಷ್ಟಕ್ಕಷ್ಟೆ. ನವೆಂಬರಿನಲ್ಲಿ ಸೋನಿಯೂ ಜಪಾನೀ ಭಾಷೆಯದೇ ಒಂದು ಪಿಎಸ್5 ತಂದು 55,000ಕ್ಕೆ ಇಳಿಸಬೇಕಾಯಿತು. ಹೊರಗಿನವರು ಅಲ್ಲಿ ನಿಲ್ಲಬೇಕಾದರೆ ಜಪಾನಿಗೆಂದೇ ನಷ್ಟ ತಿಂದು ಬೆಲೆ ಕಟ್ಟುವ ಧೈರ್ಯ ಬೇಕು.

ಕರಿಹಲಗೆ:
ಹೊರಗಿನವರು ಯಾಕೆ ನಷ್ಟ ತಿನ್ನಬೇಕು? ನಿಂಟೆಂಡೊಗೆ ಅದು ತವರು, ಅಲ್ಲಿ ಕಳೆದುಕೊಂಡದ್ದನ್ನು ಆಟ ಮಾರಿ ತುಂಬಿಕೊಳ್ಳುತ್ತದೆ. ಮೈಕ್ರೋಸಾಫ್ಟಿನ ರೆಡ್ಮಂಡ್ ಕಚೇರಿಯಲ್ಲಿ ಕುಳಿತ ಲೆಕ್ಕಿಗ ಒಂದೇ ದೇಶಕ್ಕಾಗಿ ಇಪ್ಪತ್ತು ಸಾವಿರ ಯೆನ್ ಬಿಡಲು ಸಹಿ ಹಾಕುತ್ತಾನೆಯೇ?

ಲೆಕ್ಕದ ಪುಸ್ತಕ:
ಬ್ಲೂ ಡ್ರ್ಯಾಗನ್ ಕಾಲದಲ್ಲಿ ಕೈ ಬಿಚ್ಚಿದ್ದರಲ್ಲ. ಆಗ ಆಟಕ್ಕೆ, ಈಗ ಬೆಲೆಗೆ. ಸಹಿ ಹಾಕದಿದ್ದರೆ ಅದು ಅವರ ಆಯ್ಕೆ, ಆದರೆ ಆಮೇಲೆ ‘ಜಪಾನೀಯರೇ ಹಾಗೆ’ ಎಂದು ಅಲ್ಲಿನ ಗಿರಾಕಿಗಳ ಮೇಲೆ ಗೂಬೆ ಕೂರಿಸಬೇಡಿ.